ಬಿಡದಿಯ ಎರಡು, ಜರ್ಮನ್ ಲಾಂಛನದ ಎರಡು: ಹೈಬ್ರಿಡ್ ಐಷಾರಾಮಿ ಸೆಡಾನ್‌ಗಳ ಹೋಲಿಕೆ

ಸುಮಾರು ಐವತ್ತರಿಂದ ಎಂಬತ್ತು ಲಕ್ಷ ರೂಪಾಯಿಯೊಳಗೆ, ಚಾಲಕನನ್ನಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಓಡಾಡುವವರಿಗೆ ಒಪ್ಪುವ ಸೆಡಾನ್ ಯಾವುದೆಂದು ವಿಚಾರಿಸಿದರೆ ಬೆಂಗಳೂರಿನಲ್ಲಿ ನಾಲ್ಕು ಹೆಸರುಗಳು ತಪ್ಪದೆ ಕೇಳಿಬರುತ್ತವೆ: ಲೆಕ್ಸಸ್ ಇಎಸ್ 300ಎಚ್, ಟೊಯೋಟಾ ಕ್ಯಾಮ್ರಿ, ಮರ್ಸಿಡಿಸ್ ಬೆಂಜ್ ಇ 200 ಮತ್ತು ಬಿಎಂಡಬ್ಲ್ಯು 530ಎಲ್‌ಐ. ನಾಲ್ಕರಲ್ಲೂ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ ಇದೆ, ಜೊತೆಗೆ ವಿದ್ಯುತ್ ಮೋಟಾರೂ ಇದೆ. ಲೆಕ್ಸಸ್ ಟೊಯೋಟಾದ್ದೇ ಐಷಾರಾಮಿ ಲಾಂಛನವಾದ್ದರಿಂದ ಮೊದಲ ಎರಡು ಕಾರುಗಳು ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಇ 200 ಸೇರಿದ ಮರ್ಸಿಡಿಸ್‌ನ ಇ-ಕ್ಲಾಸ್ ಸಾಲು ಪುಣೆಯ ಬಳಿಯ ಚಾಕಣದಿಂದಲೂ ಬಿಎಂಡಬ್ಲ್ಯು ಚೆನ್ನೈಯಿಂದಲೂ ಬರುತ್ತವೆ. ಷೋರೂಮಿನ ಮಾತುಗಳಲ್ಲಿ ನಾಲ್ಕೂ ಹೈಬ್ರಿಡ್ ಕಾರುಗಳೇ. ಆದರೆ ಬಿಡದಿಯ ಕಾರುಗಳಲ್ಲಿ ಮೋಟಾರು ತಾನೇ ಕಾರನ್ನು ಓಡಿಸಬಲ್ಲದು, ಜರ್ಮನ್ ಕಾರುಗಳಲ್ಲಿ ಅದು ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೇ. ನಗರದ ಸಂಚಾರದಲ್ಲಿ ಈ ವ್ಯತ್ಯಾಸ ಕಾರಿನ ಸ್ವಭಾವವನ್ನೇ ಬೇರೆಯಾಗಿಸುತ್ತದೆ.

ಇಎಸ್ 300ಎಚ್‌ನ ಎರಡೂವರೆ ಲೀಟರ್ ಎಂಜಿನ್ ಆಟ್ಕಿನ್ಸನ್ ಕ್ರಮದಲ್ಲಿ ಕೆಲಸ ಮಾಡುತ್ತದೆ. ಗಾಳಿಯನ್ನು ಒಳಗೆ ಬಿಡುವ ಕವಾಟವನ್ನು ತುಸು ತಡವಾಗಿ ಮುಚ್ಚಿ, ಒತ್ತುವ ದೂರಕ್ಕಿಂತ ಹಿಗ್ಗುವ ದೂರವನ್ನು ಹೆಚ್ಚಿಸಿಕೊಳ್ಳುವ ಈ ವಿಧಾನದಲ್ಲಿ ಎಂಜಿನ್ನಿನ ಬಲ ಸ್ವಲ್ಪ ಕುಂದುತ್ತದೆ, ಆದರೆ ಪೆಟ್ರೋಲಿನ ಶಾಖದ ಸುಮಾರು 41 ಶೇಕಡಾ ಭಾಗ ಚಲನೆಯಾಗಿ ಮಾರ್ಪಡುತ್ತದೆ. ಪೆಟ್ರೋಲ್ ಎಂಜಿನ್ನುಗಳಲ್ಲಿ ಇದು ಬಹಳ ಒಳ್ಳೆಯ ಲೆಕ್ಕ. ಕುಂದಿದ ಬಲವನ್ನು 88 ಕಿಲೋವ್ಯಾಟ್‌ನ ಮೋಟಾರು ತುಂಬಿಕೊಡುತ್ತದೆ. ಎಂಜಿನ್, ಮೋಟಾರು ಮತ್ತು ಜನರೇಟರ್ ಮೂರೂ ಒಂದು ಗ್ರಹಚಕ್ರದ ಗಿಯರ್ ಜೋಡಣೆಯಲ್ಲಿ ಸೇರುತ್ತವೆ. ಅಲ್ಲಿ ಕ್ಲಚ್ ಇಲ್ಲ, ಬದಲಾಗುವ ಗಿಯರುಗಳಿಲ್ಲ, ಹಾಗಾಗಿ ಗಿಯರ್ ಬದಲಾಗುವಾಗಿನ ಕುಲುಕಾಟವೂ ಇಲ್ಲ. ಎಲ್ಲ ಸೇರಿ 160 ಕಿಲೋವ್ಯಾಟ್, ಅಂದರೆ 215 ಅಶ್ವಶಕ್ತಿಯ ಆಸುಪಾಸು. 2024ರ ಡಿಸೆಂಬರಿನಲ್ಲಿ 48 ಲಕ್ಷ ರೂಪಾಯಿಗೆ ಬಿಡುಗಡೆಯಾದ ಒಂಬತ್ತನೆಯ ತಲೆಮಾರಿನ ಕ್ಯಾಮ್ರಿಯಲ್ಲೂ ಇದೇ ಏರ್ಪಾಡು, ಆದರೆ ಒಂದು ಹೆಜ್ಜೆ ಮುಂದೆ: ಲೆಕ್ಸಸ್‌ನಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇದ್ದರೆ ಇದರಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಇದೆ, ಒಟ್ಟು ಬಲವೂ 230 ಅಶ್ವಶಕ್ತಿಗೆ ಏರಿದೆ. ಎರಡರಲ್ಲೂ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿರುವುದರಿಂದ ಡಿಕ್ಕಿಯ ಜಾಗ ಹಾಳಾಗಿಲ್ಲ. ಹಳೆಯ ಹೈಬ್ರಿಡ್ ಕ್ಯಾಮ್ರಿ ಇಟ್ಟುಕೊಂಡಿದ್ದವರಿಗೆ ಇದರ ಬೆಲೆ ಗೊತ್ತು.

ಇ 200 ಕಾರಿನ ಕಥೆ ಬೇರೆ. ಅದರ ಎರಡು ಲೀಟರ್ ಟರ್ಬೊ ಎಂಜಿನ್ ತಾನೊಂದೇ 204 ಅಶ್ವಶಕ್ತಿ ಕೊಡುತ್ತದೆ. ಎಂಜಿನ್ನಿಗೂ ಒಂಬತ್ತು ವೇಗದ ಗಿಯರ್ ಪೆಟ್ಟಿಗೆಗೂ ನಡುವೆ ಕೂರಿಸಿರುವ 48 ವೋಲ್ಟಿನ ಸ್ಟಾರ್ಟರ್-ಜನರೇಟರ್ ಬೇಕಾದಾಗ ಇನ್ನೊಂದು 17 ಕಿಲೋವ್ಯಾಟ್ ಸೇರಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ ಮತ್ತೆ ಚಾಲೂ ಆದದ್ದು ತಿಳಿಯುವುದೇ ಇಲ್ಲ, ಟರ್ಬೊ ಎಚ್ಚೆತ್ತುಕೊಳ್ಳುವವರೆಗಿನ ಆ ಕ್ಷಣದ ಮಂದತೆ ಮಾಯವಾಗಿದೆ, ಬ್ರೇಕ್ ಹಿಡಿದಾಗ ಒಂದಿಷ್ಟು ಶಕ್ತಿ ಹಿಂದಕ್ಕೆ ಬರುತ್ತದೆ. ಇದೆಲ್ಲ ನಯವಾದ ಎಂಜಿನಿಯರಿಂಗ್ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಟ್ರಾಫಿಕ್ಕಿನಲ್ಲಿ ತೆವಳುವ ಹೊತ್ತಿಗೆಲ್ಲ ಕಾರನ್ನು ಎಳೆಯುತ್ತಿರುವುದು ಪೆಟ್ರೋಲೇ. 258 ಅಶ್ವಶಕ್ತಿಯ 530ಎಲ್‌ಐ ಬಗ್ಗೆಯೂ ಇದೇ ಮಾತು. ಅಲ್ಲಿನ 48 ವೋಲ್ಟಿನ ನೆರವು ಎಂಟು ವೇಗದ ಗಿಯರ್ ಪೆಟ್ಟಿಗೆಯೊಂದಿಗೆ ಎಷ್ಟು ಹೊಂದಿಕೊಂಡಿದೆ ಎಂದರೆ ಅದು ಇದೆ ಎಂಬುದನ್ನೇ ಮಾಲೀಕರು ಮರೆಯುತ್ತಾರೆ.

ಸಂಜೆ ಆರೂವರೆಗೆ ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಇವುಗಳನ್ನು ನಡೆಸಿದರೆ ಯಾವುದರ ಮೋಟಾರು ಎಷ್ಟು ದುಡಿಯುತ್ತದೆಂಬುದು ಕಿವಿಗೇ ಗೊತ್ತಾಗುತ್ತದೆ. ಇಎಸ್ ಮತ್ತು ಕ್ಯಾಮ್ರಿ ಬಂಪರಿಗೆ ಬಂಪರು ತಾಗುವಂತಹ ಸಾಲಿನಲ್ಲಿ ಬಹುಪಾಲು ಎಂಜಿನ್ ಆರಿಸಿಕೊಂಡೇ ಮುಂದೆ ಸರಿಯುತ್ತವೆ. ಹವಾನಿಯಂತ್ರಣದ ಕಂಪ್ರೆಸರ್ ವಿದ್ಯುತ್ತಿನಿಂದಲೇ ಓಡುವುದರಿಂದ ಎಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. ಬ್ಯಾಟರಿ ಇಳಿದಾಗ ಎಂಜಿನ್ ಮೆಲ್ಲನೆ ಏಳುತ್ತದೆ, ಕೆಲಸ ಮುಗಿಸಿ ಮತ್ತೆ ಸುಮ್ಮನಾಗುತ್ತದೆ. ಲೆಕ್ಸಸ್‌ನಲ್ಲಿ ಈ ಏಳುಬೀಳು ಹಿಂದೆ ಕೂತವರ ಗಮನಕ್ಕೆ ಬರುವುದು ಅಪರೂಪ, ಕ್ಯಾಮ್ರಿಯಲ್ಲಿ ಕಿವಿಗೊಟ್ಟರೆ ಕೇಳಿಸುತ್ತದೆ. ಮರ್ಸಿಡಿಸ್ ಇಲ್ಲಿ ಒರಟಾಗುತ್ತದೆಂದಲ್ಲ. ಗಾಜು, ಬಾಗಿಲಿನ ರಬ್ಬರು, ನೆಲದ ಹೊದಿಕೆ ಎಲ್ಲವೂ ಸದ್ದನ್ನು ತಡೆಯುತ್ತವೆ. ಆದರೆ ನಿಂತು, ಹೊರಟು, ಮತ್ತೆ ನಿಲ್ಲುವ ಆಟದಲ್ಲಿ ಗಿಯರ್ ಪೆಟ್ಟಿಗೆ ಒಂದು ಎರಡರ ನಡುವೆ ತಡಕಾಡುವುದು ಪಾದಕ್ಕೆ ತಿಳಿಯುತ್ತದೆ. ಹೊಸ ಚಾಲಕರಿಗೆ ಬಿಡದಿಯ ಕಾರುಗಳು ಮೊದಮೊದಲು ಗೊಂದಲ ಉಂಟುಮಾಡುವುದುಂಟು: ಗುಂಡಿ ಒತ್ತಿದರೂ ಸದ್ದಿಲ್ಲ, ‘ರೆಡಿ’ ಎಂಬ ದೀಪವೊಂದೇ ಹೊತ್ತಿದೆ. ಹೋಟೆಲುಗಳ ವ್ಯಾಲೆ ಹುಡುಗರು ಕಾರು ಚಾಲೂ ಆಗಿಲ್ಲವೆಂದು ಮತ್ತೆ ಮತ್ತೆ ಗುಂಡಿ ಒತ್ತುವುದನ್ನು ಈಗಲೂ ನೋಡಬಹುದು.

ಇಂಧನದ ಲೆಕ್ಕಕ್ಕೆ ಬರೋಣ. ಕ್ಯಾಮ್ರಿಗೆ ಕಂಪನಿ ಘೋಷಿಸಿರುವ ಮೈಲೇಜು ಲೀಟರಿಗೆ 25.49 ಕಿಲೋಮೀಟರ್. ಪರೀಕ್ಷಾಗಾರದ ಈ ಅಂಕಿ ರಸ್ತೆಯಲ್ಲಿ ಸಿಗುವುದಿಲ್ಲ, ಆದರೂ ನಗರದಲ್ಲಿ ಹದಿನೈದಕ್ಕಿಂತ ಕೆಳಗಿಳಿಸಲು ಬಲಗಾಲಿಗೆ ಸಾಕಷ್ಟು ಕೆಲಸ ಕೊಡಬೇಕು. ಒಂದು ವಿಚಿತ್ರವೆಂದರೆ ಹೆದ್ದಾರಿಗಿಂತ ನಗರದಲ್ಲೇ ಇವುಗಳ ಉಳಿತಾಯ ಎದ್ದು ಕಾಣುವುದು, ಏಕೆಂದರೆ ಬ್ರೇಕು ಹಿಡಿದಾಗಲೆಲ್ಲ ಬ್ಯಾಟರಿ ತುಂಬುತ್ತದೆ. ವರ್ಷಕ್ಕೆ 12,000 ಕಿಲೋಮೀಟರ್ ನಗರದಲ್ಲೇ ಓಡುವ ಕಾರೆಂದು ಇಟ್ಟುಕೊಳ್ಳೋಣ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 800 ಲೀಟರ್ ಬೇಕು, 9 ಕೊಡುವ ಕಾರಿಗೆ 1,333. ಲೀಟರಿಗೆ ನೂರು ರೂಪಾಯಿ ಹಿಡಿದರೂ ವ್ಯತ್ಯಾಸ ವರ್ಷಕ್ಕೆ 53,000 ರೂಪಾಯಿ. ಎಪ್ಪತ್ತು ಎಂಬತ್ತು ಲಕ್ಷ ಕೊಟ್ಟವರಿಗೆ ಇದು ವಿಮೆಯ ಕಂತಿಗೂ ಸಾಲದ ಮೊತ್ತ. ಆದ್ದರಿಂದ ಈ ವರ್ಗದಲ್ಲಿ ಹೈಬ್ರಿಡ್ ಕಾರನ್ನು ಪೆಟ್ರೋಲ್ ಉಳಿತಾಯಕ್ಕಾಗಿ ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಕೊಳ್ಳಬೇಕಾದದ್ದು ಆ ಮೌನಕ್ಕಾಗಿ, ಬಂಕಿಗೆ ಅಪರೂಪಕ್ಕೊಮ್ಮೆ ಹೋಗುವ ನೆಮ್ಮದಿಗಾಗಿ.

ಇಷ್ಟು ಹೇಳಿದ ಮೇಲೆ ಹಿಂದಿನ ಬಾಗಿಲು ತೆರೆದು ಕೂತರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಇ-ಕ್ಲಾಸ್‌ನ ಉದ್ದ ಗಾಲಿಯಂತರದ (ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ದೂರ) ರೂಪ 2017ರಲ್ಲಿ ಭಾರತಕ್ಕೆ ಬಂದಾಗಿನಿಂದ ನಮ್ಮಲ್ಲಿ ಈ ವರ್ಗದ ಸೆಡಾನನ್ನು ಅಳೆಯುವ ಮಾನದಂಡವೇ ಬದಲಾಯಿತು. ಮುಂದಿನ ಸೀಟಿನಲ್ಲಿ ಕೂತು ಓಡಿಸುವ ಸುಖದ ಮಾತು ಹಿಂದೆ ಸರಿದು, ಹಿಂದೆ ಕಾಲು ಚಾಚುವ ಜಾಗದ ಮಾತು ಮುಂದೆ ಬಂತು. 2024ರ ಅಕ್ಟೋಬರಿನಲ್ಲಿ 78.5 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದ ಹೊಸ ಇ-ಕ್ಲಾಸ್‌ನ ಗಾಲಿಯಂತರ 3,094 ಮಿಲಿಮೀಟರ್. ಬೆನ್ನಿನ ಆಸರೆ 36 ಡಿಗ್ರಿಯವರೆಗೆ ವಾಲುತ್ತದೆ, ತೊಡೆಯ ಕೆಳಗಿನ ಆಸರೆ ಮುಂದಕ್ಕೆ ಚಾಚುತ್ತದೆ, ಕಿಟಕಿಗಳಿಗೆ ಪರದೆ ಏಳುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಜಯನಗರದವರೆಗೆ ಹೀಗೆ ಒರಗಿ ಬರುವವರಿಗೆ ಎಂಜಿನ್ ಯಾವ ಕ್ರಮದಲ್ಲಿ ಓಡುತ್ತಿದೆ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ.

ಅದೇ ವರ್ಷದ ಜುಲೈನಲ್ಲಿ 72.9 ಲಕ್ಷಕ್ಕೆ ಬಂದ 530ಎಲ್‌ಐ ಗಾಲಿಯಂತರದಲ್ಲಿ ಮರ್ಸಿಡಿಸ್‌ಗಿಂತ ಒಂದು ಬೆರಳಷ್ಟು ಮುಂದಿದೆ, 3,105 ಮಿಲಿಮೀಟರ್. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಬೇಕಾದಷ್ಟು ಜಾಗ, ಮೆತ್ತನೆಯ ದಿಂಬು, ಬೋವರ್ಸ್ ಆ್ಯಂಡ್ ವಿಲ್ಕಿನ್ಸ್ ಧ್ವನಿವ್ಯವಸ್ಥೆ. ಆದರೆ ಬೆನ್ನಿನ ಆಸರೆ ವಾಲುವುದಿಲ್ಲ. ಹಿಂದಿನ ಸೀಟಿನವರಿಗಾಗಿಯೇ ಕಾರನ್ನು ಉದ್ದ ಮಾಡಿ, ಅವರಿಗೆ ಒರಗುವ ಸೌಕರ್ಯವನ್ನೇ ಕೊಡದಿರುವುದು ನನಗೆ ಅರ್ಥವಾಗದ ನಿರ್ಧಾರ. ಇದಕ್ಕಿಂತ ಇಪ್ಪತ್ತೈದು ಲಕ್ಷ ಕಡಿಮೆ ಬೆಲೆಗೆ ಬಂದ ಕ್ಯಾಮ್ರಿಯಲ್ಲಿ ಗುಂಡಿ ಒತ್ತಿದರೆ ವಾಲುವ ಹಿಂದಿನ ಸೀಟಿದೆ, ನಡುವಿನ ಕೈಯಾಸರೆಯಲ್ಲಿ ಹವಾನಿಯಂತ್ರಣವನ್ನೂ ಪರದೆಯನ್ನೂ ಆಡಿಸುವ ಸ್ಪರ್ಶಫಲಕವಿದೆ. ಇಎಸ್‌ನ ಮೇಲಿನ ದರ್ಜೆಯಲ್ಲೂ ವಾಲುವ ಸೀಟಿದೆ. ವಾಲುವ ಕೋನ ಮರ್ಸಿಡಿಸ್‌ನಷ್ಟಿಲ್ಲ, ಆದರೆ ಸೀಟಿನ ಮೆತ್ತೆ ಹೆಚ್ಚು ಹಿತ. ಗಾಲಿಯಂತರ 2,870 ಮಿಲಿಮೀಟರ್ ಆದರೂ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೆ ಹೋಗುವ ಕಾರಾದ್ದರಿಂದ ನಡುವಿನ ಉಬ್ಬು ಚಿಕ್ಕದು, ಮೂರನೆಯವರು ಕೂರಬೇಕಾಗಿ ಬಂದಾಗ ಇದು ಜರ್ಮನ್ ಕಾರುಗಳಿಗಿಂತ ವಾಸಿ. ಉದ್ದ ಗಾಲಿಯಂತರದ ಇನ್ನೊಂದು ಬಾಬತ್ತನ್ನೂ ಹೇಳಬೇಕು. ನಮ್ಮ ಬಡಾವಣೆಗಳ ಅವೈಜ್ಞಾನಿಕ ರೋಡ್ ಹಂಪುಗಳ ಮೇಲೆ ಐದು ಮೀಟರ್ ಮೀರಿದ ಎರಡು ಜರ್ಮನ್ ಕಾರುಗಳನ್ನು ಓರೆಯಾಗಿ ಹತ್ತಿಸಿ ಇಳಿಸುವುದನ್ನು ಚಾಲಕರು ರೂಢಿಸಿಕೊಳ್ಳಬೇಕಾಗುತ್ತದೆ, ಮನೆಯ ನೆಲಮಾಳಿಗೆಯ ಇಳಿಜಾರನ್ನು ಕೊಳ್ಳುವ ಮೊದಲೇ ಅಳೆಯುವುದು ಒಳ್ಳೆಯದು.

ಸ್ವತಃ ಓಡಿಸುವವರಿಗೆ ಉತ್ತರ ಸರಳ: ಬಿಎಂಡಬ್ಲ್ಯು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 6.5 ಸೆಕೆಂಡು, ಹಿಂದಿನ ಗಾಲಿಗಳ ಎಳೆತ, ತಿರುವಿನಲ್ಲಿ ತೂಕ ಮರೆಸುವ ಚಾಸಿ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಇಷ್ಟು ಉದ್ದದ ಕಾರು ಇಷ್ಟು ಚುರುಕಾಗಿರಬಲ್ಲದೇ ಎಂದು ಅಚ್ಚರಿಯಾಗುತ್ತದೆ. ಇದೇ ಘಾಟಿಯನ್ನು ಹತ್ತುವಾಗ ಇಎಸ್‌ನ ದೌರ್ಬಲ್ಯ ಬಯಲಾಗುತ್ತದೆ. ಟ್ಯಾಂಕರ್ ಲಾರಿಯೊಂದನ್ನು ಹಿಂದೆ ಹಾಕಲು ಪೆಡಲನ್ನು ಪೂರ್ತಿ ಒತ್ತಿದರೆ ಎಂಜಿನ್ ಒಂದೇ ಶ್ರುತಿಯಲ್ಲಿ ಏರಿ ಅಲ್ಲೇ ನಿಂತುಬಿಡುತ್ತದೆ, ವೇಗ ಆಮೇಲೆ ಬಂದು ಸೇರುತ್ತದೆ. ನೂರರ ವೇಗಕ್ಕೆ 8.9 ಸೆಕೆಂಡು ಎಂಬುದು ಕಾಗದದಲ್ಲಿ ನಿಧಾನವೇನಲ್ಲ, ಆದರೆ ಆ ಸದ್ದು ಕಾರಿನ ಘನತೆಗೆ ಒಪ್ಪುವುದಿಲ್ಲ. ಕ್ಯಾಮ್ರಿಯಲ್ಲಿ ಮೋಟಾರಿನ ಪಾಲು ಹೆಚ್ಚಿರುವುದರಿಂದ ಈ ದೋಷ ಸಾಕಷ್ಟು ಕಡಿಮೆಯಾಗಿದೆ. ನೂರು ಕಿಲೋಮೀಟರ್ ಮಿತಿಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಒಂದೇ ವೇಗದಲ್ಲಿ ಹೋಗುವಾಗ ನಾಲ್ಕರಲ್ಲೂ ದೂರು ಹೇಳಲು ಏನೂ ಇಲ್ಲ. ವಾರವಾರವೂ ಹುಬ್ಬಳ್ಳಿ, ಬೆಳಗಾವಿಗೆ ಓಡಾಡುವವರು ಮಾತ್ರ ಇ 200 ಬಿಟ್ಟು 440 ನ್ಯೂಟನ್ ಮೀಟರ್ ತಿರುಗುಬಲದ ಇ 220ಡಿ ಡೀಸೆಲನ್ನು ನೋಡುವುದು ಸೂಕ್ತ. ಅದರಲ್ಲೂ ಅದೇ 48 ವೋಲ್ಟಿನ ನೆರವಿದೆ, ಒಮ್ಮೆ ಟ್ಯಾಂಕ್ ತುಂಬಿದರೆ ಬಹುದೂರ ಹೋಗುತ್ತದೆ.

ಸುರಕ್ಷತೆಯಲ್ಲಿ ಇವುಗಳ ನಡುವೆ ಆರಿಸಲು ಹೆಚ್ಚೇನಿಲ್ಲ. ಹೊಸ ಕಾರುಗಳ ಸುರಕ್ಷತೆಯನ್ನು ಅಳೆಯುವ ಯುರೋಪಿನ ಯೂರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಇಎಸ್, 530ಎಲ್‌ಐ ಸೇರಿದ ಬಿಎಂಡಬ್ಲ್ಯು 5 ಸೀರೀಸ್ ಮತ್ತು ಇ-ಕ್ಲಾಸ್ ಮೂರೂ ಐದು ನಕ್ಷತ್ರ ಪಡೆದಿವೆ. ಇ-ಕ್ಲಾಸ್ 2024ರಲ್ಲಿ ಪರೀಕ್ಷೆಗೊಳಗಾದ ಕಾರುಗಳಲ್ಲೇ ಅತ್ಯುತ್ತಮವೆನಿಸಿತು. ಅಲ್ಲಿ ಪರೀಕ್ಷಿಸಿದ್ದು ಯುರೋಪಿನ ಸಾಮಾನ್ಯ ಉದ್ದದ ರೂಪ ಎಂಬುದನ್ನು ನೆನಪಿಡಬೇಕು. ಕ್ಯಾಮ್ರಿಯಲ್ಲಿ ಒಂಬತ್ತು ಏರ್‌ಬ್ಯಾಗುಗಳೂ ಚಾಲಕನಿಗೆ ನೆರವಾಗುವ ಟೊಯೋಟಾ ಸೇಫ್ಟಿ ಸೆನ್ಸ್ 3.0 ವ್ಯವಸ್ಥೆಯೂ ಇವೆ.

ಈ ಹೋಲಿಕೆಯಲ್ಲಿ ನಿಜವಾಗಿ ಕಷ್ಟದ ಪ್ರಶ್ನೆ ಬಿಡದಿಯ ಎರಡು ಕಾರುಗಳ ನಡುವಿನದು. ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಆರಂಭವಾದದ್ದು 2013ರಲ್ಲಿ. ಲೆಕ್ಸಸ್ ಭಾರತಕ್ಕೆ ಬಂದದ್ದು 2017ರಲ್ಲಿ, ಇಎಸ್‌ನ ಸ್ಥಳೀಯ ತಯಾರಿಕೆಯನ್ನು 2020ರ ಜನವರಿಯಲ್ಲಿ ಘೋಷಿಸಿದಾಗ ಅದರ ಆರಂಭಿಕ ಬೆಲೆ 51.9 ಲಕ್ಷ. ಆಗ ಇಎಸ್ ಒಂದು ಲಾಭದ ವ್ಯಾಪಾರದಂತೆ ಕಂಡಿತ್ತು: ಜರ್ಮನ್ ಕಾರುಗಳಿಗಿಂತ ಅಗ್ಗ, ಕ್ಯಾಮ್ರಿಗಿಂತ ಒಂದು ಮೆಟ್ಟಿಲು ಮೇಲೆ. ಮುಂದಿನ ವರ್ಷಗಳಲ್ಲಿ ಅದು ಅರವತ್ತು ಲಕ್ಷವನ್ನು ದಾಟಿತು, ಕ್ಯಾಮ್ರಿಯೋ ಹೊಸ ಬ್ಯಾಟರಿ, ಹೆಚ್ಚಿನ ಬಲ, ವಾಲುವ ಸೀಟು, ಹೊಸ ಪರದೆ ಎಲ್ಲವನ್ನೂ ಹೊತ್ತುಕೊಂಡು ಬಂತು. ಎಂಜಿನ್ನಿನ ಮೂಲ ಒಂದೇ, ತಳಪಾಯದ ಮೂಲವೂ ಒಂದೇ. ಹಾಗಾದರೆ ಹದಿನೈದು ಲಕ್ಷ ಹೆಚ್ಚು ಕೊಟ್ಟು ಪಡೆಯುವುದೇನು? ಗಾಜಿನಲ್ಲೂ ನೆಲದಲ್ಲೂ ಅಡಗಿರುವ ಹೆಚ್ಚಿನ ಮೌನ. ಕೈ ಇಟ್ಟಲ್ಲೆಲ್ಲ ಉತ್ತಮ ಚರ್ಮ ಮತ್ತು ಮರ. ಹದಿನೇಳು ಸ್ಪೀಕರುಗಳ ಮಾರ್ಕ್ ಲೆವಿನ್ಸನ್ ಧ್ವನಿವ್ಯವಸ್ಥೆ, ಇದರಲ್ಲಿ ಭೀಮಸೇನ ಜೋಶಿಯವರ ತಾರಸಪ್ತಕ ಕೇಳಿದವರು ಕ್ಯಾಮ್ರಿಯ ಒಂಬತ್ತು ಸ್ಪೀಕರುಗಳ ಜೆಬಿಎಲ್‌ಗೆ ಮರಳುವುದು ಕಷ್ಟ. ಇವೆಲ್ಲದಕ್ಕಿಂತ ಮುಖ್ಯವಾಗಿ, ಹೊಂಡಗಳ ಮೇಲೆ ಹೋಗುವಾಗ ಆ ಏಟನ್ನು ಹಿಂದಿನ ಸೀಟಿಗೆ ತಲುಪುವ ಮೊದಲೇ ನುಂಗಿಬಿಡುವ ಸಸ್ಪೆನ್ಷನ್. ಇದು ಸಣ್ಣ ಪಟ್ಟಿಯಲ್ಲ, ಆದರೆ ಹದಿನೈದು ಲಕ್ಷದ ಪಟ್ಟಿಯೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಬೆನ್ನುನೋವಿನ ತೊಂದರೆ ಇರುವ ಹಿರಿಯರು ದಿನವೂ ಕೂರುವ ಕಾರಾದರೆ ಇಎಸ್‌ಗೆ ಒಪ್ಪಿಗೆ ಕೊಡುತ್ತೇನೆ. ಉಳಿದವರಿಗೆ ಕ್ಯಾಮ್ರಿ ಸಾಕು, ಸಾಕಷ್ಟೇ ಅಲ್ಲ, ಕೆಲವು ವಿಷಯಗಳಲ್ಲಿ ಅದೇ ಹೊಸ ಕಾರು. ಬಾಗಿಲು ತೆರೆದ ಕೂಡಲೆ ‘ಟ್ಯಾಕ್ಸಿಗೂ ಇದೇ ಲಾಂಛನವಲ್ಲವೇ’ ಎನ್ನುವ ನೆಂಟರನ್ನು ಎದುರಿಸುವ ಧೈರ್ಯವೊಂದು ಇರಬೇಕು.

ತೆರಿಗೆಯ ವಿಚಾರದಲ್ಲಿ ಹೈಬ್ರಿಡ್ ಕಾರುಗಳಿಗೆ ಇದ್ದ ಸಣ್ಣ ಅನುಕೂಲವೂ ಹೋಗಿದೆ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಬಿಡದಿಯ ಕಾರುಗಳಂತಹ ಪೂರ್ಣ ಪ್ರಮಾಣದ ಹೈಬ್ರಿಡ್‌ಗಳಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ 43 ಶೇಕಡಾ, ದೊಡ್ಡ ಪೆಟ್ರೋಲ್ ಸೆಡಾನುಗಳಿಗೆ 48 ಶೇಕಡಾ ಬೀಳುತ್ತಿತ್ತು. ಈಗ ಎರಡಕ್ಕೂ 40 ಶೇಕಡಾ. ಬೆಲೆಗಳು ಎಲ್ಲ ಕಡೆ ಇಳಿದವು ನಿಜ, ಆದರೆ ಇಳಿಕೆಯ ದೊಡ್ಡ ಪಾಲು ಜರ್ಮನ್ ಕಾರುಗಳಿಗೆ ಸಿಕ್ಕಿತು. ಕಡಿಮೆ ಪೆಟ್ರೋಲ್ ಸುಡುವ ಕಾರಿಗೂ ಹೆಚ್ಚು ಸುಡುವ ಕಾರಿಗೂ ಒಂದೇ ದರ ಎಂಬುದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ. ಇದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಇದೆ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ 18 ಶೇಕಡಾ, ಅದರ ಮೇಲೆ ಸೆಸ್. 78.5 ಲಕ್ಷದ ಕಾರಿಗೆ ಸೆಸ್ ಬಿಟ್ಟು ಲೆಕ್ಕ ಹಾಕಿದರೂ ಹದಿನಾಲ್ಕು ಲಕ್ಷ ದಾಟುತ್ತದೆ, 48 ಲಕ್ಷದ ಕಾರಿಗೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು. ಉತ್ತರ ಪ್ರದೇಶ 2024ರ ಜುಲೈನಲ್ಲಿ ಪೂರ್ಣ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ಬಿಡದಿಯಲ್ಲಿ ತಯಾರಾದ ಕ್ಯಾಮ್ರಿ ಲಖನೌದಲ್ಲಿ ಅಗ್ಗವಾಗಿ, ಬಿಡದಿಯ ಊರಿನಲ್ಲೇ ದುಬಾರಿಯಾದ ಸ್ಥಿತಿ ಹೀಗೆ ಹುಟ್ಟಿತು.

ವೋಲ್ವೊ ಎಸ್90 ಹೆಸರನ್ನು ಬಿಟ್ಟಿದ್ದೇಕೆಂದು ಕೇಳುವವರಿದ್ದಾರೆ. ಹೊಸಕೋಟೆಯ ಬಳಿ ಜೋಡಣೆಯಾಗುತ್ತಿದ್ದ ಆ ಕಾರು 48 ವೋಲ್ಟಿನ ನೆರವಿನ 250 ಅಶ್ವಶಕ್ತಿಯ ಸೊಗಸಾದ ಸೆಡಾನ್, ಸೀಟುಗಳ ಮಟ್ಟಿಗೆ ಈ ನಾಲ್ಕರ ಸರಿಸಮಾನ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಕ್ಕರೆ ನೋಡಬಹುದು. ಪ್ಲಗ್-ಇನ್ ರೂಪಗಳ ವಿಷಯ ಇನ್ನೂ ಬೇರೆ. ಯುರೋಪಿನಲ್ಲಿರುವ ಕನ್ನಡಿಗರು ಮರ್ಸಿಡಿಸ್‌ನ ಇ 300ಇ ಅಥವಾ ಬಿಎಂಡಬ್ಲ್ಯುನ 530ಇ ಕೊಂಡು, ರಾತ್ರಿ ಮನೆಯಲ್ಲಿ ಚಾರ್ಜು ಮಾಡಿ, ಡಬ್ಲ್ಯುಎಲ್‌ಟಿಪಿ ಎಂಬ ಅಲ್ಲಿನ ಪ್ರಮಾಣಿತ ಪರೀಕ್ಷೆಯ ಲೆಕ್ಕದಲ್ಲಿ ನೂರು ಕಿಲೋಮೀಟರ್ ಆಸುಪಾಸು ಪೆಟ್ರೋಲ್ ಮುಟ್ಟದೆ ಓಡಬಲ್ಲರು. ಜರ್ಮನ್ ಕಂಪನಿಗಳ ಹೈಬ್ರಿಡ್ ಸಾಮರ್ಥ್ಯ ನಿಜವಾಗಿ ಕಾಣುವುದು ಅಲ್ಲಿ. ನಮ್ಮ ಷೋರೂಮುಗಳಲ್ಲಿ ಅವು ಇಲ್ಲ.

ಕೊಂಡ ಮೇಲಿನ ಸೇವೆಯಲ್ಲಿ ಲೆಕ್ಸಸ್ ಒಂದು ದೊಡ್ಡ ಮಾತು ಕೊಟ್ಟಿದೆ: 2024ರ ಜೂನ್‌ನಿಂದ ಮಾರಾಟವಾದ ಹೊಸ ಕಾರುಗಳಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ. ಹೈಬ್ರಿಡ್ ಬ್ಯಾಟರಿ ಹಾಳಾದರೆ ಏನು ಗತಿ ಎಂದು ಹಿಂಜರಿಯುವವರಿಗೆ ಇದು ಸಾಕಷ್ಟು ಸಮಾಧಾನ. ಲೆಕ್ಸಸ್ ಮಳಿಗೆಗಳು ಬೆರಳೆಣಿಕೆಯಷ್ಟೇ ಇರುವುದು ಕೊರತೆ. ಹಾಸನ, ದಾವಣಗೆರೆಯಂತಹ ಊರಿನವರಿಗೆ ಟೊಯೋಟಾದ ಹರಡಿಕೊಂಡಿರುವ ಸೇವಾಜಾಲವೇ ಕ್ಯಾಮ್ರಿಯ ಪರವಾದ ಇನ್ನೊಂದು ವಾದ.

ಇಎಸ್ ಮೇಲೆ ಮನಸ್ಸು ನೆಟ್ಟಿದ್ದರೆ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಅದರ ಮುಂದಿನ ತಲೆಮಾರಿನ ಕಾರು 2025ರ ಏಪ್ರಿಲ್‌ನಲ್ಲಿ ಶಾಂಘೈ ಪ್ರದರ್ಶನದಲ್ಲಿ ಅನಾವರಣಗೊಂಡಿದೆ, ಹೈಬ್ರಿಡ್ ರೂಪದ ಜೊತೆಗೆ ಸಂಪೂರ್ಣ ವಿದ್ಯುತ್ ರೂಪವೂ ಅದಕ್ಕಿದೆ, ಉದ್ದವೂ ಐದು ಮೀಟರ್ ದಾಟಿದೆ. ಆದ್ದರಿಂದ ಹಳೆಯ ತಲೆಮಾರಿನ ಕಾರು ಇನ್ನೂ ದಾಸ್ತಾನಿನಲ್ಲಿದ್ದರೆ ಪಟ್ಟಿ ಬೆಲೆಗೆ ಒಪ್ಪಬಾರದು. ಕ್ಯಾಮ್ರಿಯ ಬೆಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಿಗೆ ಕೂರಬೇಕು, ಸಹಿ ಹಾಕುವ ಮೊದಲು ಕಾರಿನ ತಯಾರಿಕೆಯ ತಿಂಗಳನ್ನು ನೋಡಬೇಕು, ಪರೀಕ್ಷಾ ಚಾಲನೆಗೆ ಹೊರಟಾಗ ಸ್ಟಿಯರಿಂಗ್ ಹಿಡಿಯುವುದನ್ನು ಮಾರಾಟಗಾರನಿಗೇ ಬಿಟ್ಟು ಹಿಂದೆ ಕೂರಬೇಕು.